ಸಂಬಳವನ್ನೂ ಕೊಂದ ಯುದ್ಧ

ಯುದ್ಧವೆಂದರೆ ಬಾಂಬು ಮತ್ತು ಹೆಣಗಳ ಲೆಕ್ಕ ಮಾತ್ರವೆಂದು ನಂಬಿದವರ ಗಮನವನ್ನು ನಾವು ಯಮನ್‌ನತ್ತ ಸೆಳೆಯಬಯಸುತ್ತೇವೆ. 2021ರ ಅಂತ್ಯದ ವೇಳೆಗೆ ಅಲ್ಲಿನ ಯುದ್ಧಕ್ಕೆ 3,77,000 ಮಂದಿ ಬಲಿಯಾಗುವರೆಂದು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಅಂದಾಜಿಸಿತ್ತು. ಅವರಲ್ಲಿ ಶೇ. 60ರಷ್ಟು ಮಂದಿ ಗುಂಡಿಗೆ ಸತ್ತವರಲ್ಲ. ಹಸಿವು, ರೋಗ, ಶುದ್ಧ ನೀರಿನ ಅಭಾವಗಳಿಗೆ ಸತ್ತವರು.

ಈ ಹಸಿವು ಮಳೆ ಬಾರದ್ದರಿಂದ ಹುಟ್ಟಿದ್ದಲ್ಲ. 2016ರ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷ ಹಾದಿಯವರ ಸರಕಾರವು ಕೇಂದ್ರ ಬ್ಯಾಂಕನ್ನು ಸನಾದಿಂದ ಏಡನ್‌ಗೆ ಸ್ಥಳಾಂತರಿಸಿತು. ಉತ್ತರದ ಶಿಕ್ಷಕರ, ದಾದಿಯರ ಸಂಬಳ ನಿಂತಿತು. ಸನಾವನ್ನು ಆಳುವ ಹೌತಿಗಳೋ, ತೆರಿಗೆಯನ್ನು ಮಾತ್ರ ತಪ್ಪದೆ ವಸೂಲಿ ಮಾಡಿದರು! ಯುದ್ಧಕ್ಕೆ ಮುನ್ನ ಡಾಲರಿಗೆ ಸುಮಾರು 215ರಷ್ಟಿದ್ದ ರಿಯಾಲ್, 2021ರಲ್ಲಿ ಏಡನ್‌ನಲ್ಲಿ ಸಾವಿರ ದಾಟಿತು. ಗೋಧಿಯ ಬಹುಪಾಲನ್ನು ಹೊರಗಿನಿಂದ ತರುವ ದೇಶದಲ್ಲಿ ಇದರ ಅರ್ಥವೇನು? ಅಂಗಡಿಯಲ್ಲಿ ಹಿಟ್ಟಿನ ಮೂಟೆಯಿದೆ, ಕೊಳ್ಳುವವನ ಕೈ ಬರಿದಾಗಿದೆ. ಮೊದಲು ತಾಯಿಯ ಒಡವೆ ಮಾರಾಟವಾಗುತ್ತದೆ, ಬಳಿಕ ಮಗುವಿನ ಶಾಲೆ ತಪ್ಪುತ್ತದೆ. ನಾವು ಇದನ್ನು ಕೊಲೆಯೆಂದೇ ಕರೆಯುತ್ತೇವೆ.

ಬಂದರುಗಳನ್ನು ಬಿಗಿದದ್ದು ಸೌದಿ ನೇತೃತ್ವದ ಒಕ್ಕೂಟ. ಅದಕ್ಕೆ ಶಸ್ತ್ರ ಮಾರಿದ ಅಮೆರಿಕ ಮತ್ತು ಬ್ರಿಟನ್, ಯಮನ್‌ಗೆ ನೆರವಿನ ಧಾನ್ಯವನ್ನೂ ಕಳುಹಿಸಿದವು. ಎಂಥ ಔದಾರ್ಯ! 2022ರ ಏಪ್ರಿಲ್‌ನಲ್ಲಿ ಆರಂಭವಾದ ಕದನವಿರಾಮವು ಅಕ್ಟೋಬರ್‌ನಲ್ಲಿ ನವೀಕರಣಗೊಳ್ಳದೆ ಮುಗಿಯಿತು. ಆಗ ಮುಖ್ಯ ತಕರಾರು, ಸಂಬಳವನ್ನು ಯಾರಿಗೆ ಕೊಡಬೇಕೆಂಬುದೇ ಆಗಿತ್ತು.