ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೇನಂತೆ?

ಸಾಗರ, ಹೊಸನಗರ, ತೀರ್ಥಹಳ್ಳಿ – ಹೀಗೆ ಒಂದೊಂದು ತಾಲ್ಲೂಕಿನಿಂದ ಬಂದ ಮೂವರು ನಾವು ಒಂದೇ ರೂಮಿನಲ್ಲಿದ್ದು ಬಿ.ಇ. ಓದುತ್ತಿದ್ದೇವೆ. ಯಾರ ಲ್ಯಾಪ್‌ಟಾಪ್‌ನಲ್ಲೂ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲ. ‘ಎಐ ಕಲೀಬೇಕು ಅಂದ್ರೆ ಒಳ್ಳೇ ಜಿಪಿಯು ಬೇಕೇ ಬೇಕು’ ಎಂದು ಸೀನಿಯರ್‌ಗಳು ಹೇಳಿದಾಗಲೆಲ್ಲ ಮನೆಗೆ ಫೋನ್ ಮಾಡಲೋ ಬೇಡವೋ ಎಂದು ಒದ್ದಾಡಿದ್ದೇವೆ. ತೋಟಕ್ಕೆ ಕೊಳೆರೋಗ ಬಂದ ವರ್ಷ ಅಪ್ಪನೆದುರು 60 ಸಾವಿರದ ಮಾತೆತ್ತುವುದು ಹೇಗೆ?

ಈಗ ಅನ್ನಿಸುತ್ತಿದೆ, ಕೇಳದಿದ್ದುದೇ ಒಳ್ಳೆಯದಾಯಿತು.

ಇಂಟರ್ನ್‌ಶಿಪ್ ಸಂದರ್ಶನವೊಂದರಲ್ಲಿ ನನ್ನನ್ನು ಕೇಳಿದರು: ‘ನಿನ್ನ ಲ್ಯಾಪ್‌ಟಾಪ್‌ನಲ್ಲಿ ಪ್ರೊಸೆಸರ್ ಮತ್ತು ಜಿಪಿಯು ಒಂದೇ ರ‍್ಯಾಮ್ ಬಳಸುತ್ತವೆ. ಪ್ರೊಸೆಸರ್ ಬರೆದು ಮುಗಿಸುವ ಮೊದಲೇ ಜಿಪಿಯು ಓದಿದರೆ?’ ನಾನು ಪೈಟಾರ್ಚ್ ಉರು ಹೊಡೆದುಕೊಂಡು ಹೋಗಿದ್ದೆ. ಬಾಯಿಯೇ ಬರಲಿಲ್ಲ.

ಉತ್ತರ ನಮ್ಮ ಮನೆಯಲ್ಲೇ ಇತ್ತು. ನಮ್ಮ ತೋಟಕ್ಕೂ ದೊಡ್ಡಪ್ಪನ ತೋಟಕ್ಕೂ ಗುಡ್ಡದ ಒಂದೇ ಅಬ್ಬಿ ನೀರು. ಅಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ತಮ್ಮ ಸರದಿ ಮುಗಿದರೆ ದೊಡ್ಡಪ್ಪ ಒಂದು ‘ಕೂ’ ಹಾಕುತ್ತಾರೆ, ಆಮೇಲೆ ಅಪ್ಪ ಪೈಪು ತಿರುಗಿಸುತ್ತಾರೆ. ಕೂ ಕೇಳದೆ ತಿರುಗಿಸಿದ ದಿನ ಜಗಳ. ಲಿನಕ್ಸ್ ಕರ್ನೆಲ್‌ನ ಡ್ರೈವರ್‌ಗಳಲ್ಲಿ ಈ ಕೂಗಿಗೆ ‘ಫೆನ್ಸ್’ ಎನ್ನುತ್ತಾರೆ (ಯಾಕೆ ಬೇಲಿಯ ಹೆಸರಿಟ್ಟರೋ!). ಒಬ್ಬರ ಕೆಲಸ ಮುಗಿಯಿತು ಎಂಬ ಸಂಕೇತ ಬರುವ ತನಕ ಇನ್ನೊಬ್ಬರು ಕಾಯಬೇಕು.

ಎರಡು ಪ್ರತಿ ಮಾಡಿಬಿಟ್ಟರೆ ಆಗದೇ? 1920×1080ರ ಒಂದು ಚಿತ್ರಕ್ಕೆ, ಚುಕ್ಕಿಗೆ 4 ಬೈಟ್‌ನಂತೆ, ಸುಮಾರು 8.3 ಎಂಬಿ. ಸೆಕೆಂಡಿಗೆ 60 ಚಿತ್ರವೆಂದರೆ ಸುಮಾರು 500 ಎಂಬಿ ಬರೀ ನಕಲಿಗೇ ಹೋಯಿತು. ಅದಕ್ಕೇ ಹಂಚಿಕೊಳ್ಳುವುದು.

ಹಂಚಿಕೊಂಡರೆ ತಾಪತ್ರಯ ಶುರು. ಪ್ರೊಸೆಸರ್ ಬರೆದದ್ದು ಕೂಡಲೇ ರ‍್ಯಾಮ್ ಸೇರುವುದಿಲ್ಲ, ಕ್ಯಾಶ್‌ನಲ್ಲಿ ಕೂತಿರುತ್ತದೆ. ಫೋನುಗಳ ಎಷ್ಟೋ ಚಿಪ್‌ಗಳಲ್ಲಿ ಜಿಪಿಯುಗೆ ಆ ಕ್ಯಾಶ್ ಕಾಣದು. ಡ್ರೈವರ್ ಅದನ್ನು ರ‍್ಯಾಮ್‌ಗೆ ತಳ್ಳದಿದ್ದರೆ ಜಿಪಿಯು ಹಳೆಯದನ್ನೇ ಓದುತ್ತದೆ. ಒಂದು ಬಫರ್ ಎಷ್ಟು ಮಂದಿಯ ಕೈಲಿದೆ ಎಂಬ ಲೆಕ್ಕವನ್ನೂ ಇಡಬೇಕು. ಕೊನೆಯವರು ಬಿಡುವ ಮೊದಲೇ ಆ ಜಾಗವನ್ನು ಬೇರೆಯವರಿಗೆ ಕೊಟ್ಟರೆ ಕೆಟ್ಟಿತು. ಫೋನುಗಳ ಜಿಪಿಯು ಡ್ರೈವರ್‌ಗಳಲ್ಲಿ ಇದೇ ತಪ್ಪನ್ನು ಹಿಡಿದು ಹ್ಯಾಕರ್‌ಗಳು ಒಳನುಗ್ಗಿದ್ದಾರೆ.

ಕ್ಯಾಮೆರಾ, ಜಿಪಿಯು, ಪರದೆ ಮೂರೂ ಒಂದೇ ಬಫರನ್ನು ನಕಲಿಲ್ಲದೆ ಬಳಸಲು ಇರುವ ವ್ಯವಸ್ಥೆ ಡಿಎಂಎ-ಬಫ್. 2012ರಲ್ಲಿ ಲಿನಕ್ಸ್ 3.3ರೊಂದಿಗೆ ಬಂತು. ಕಡತ ತೆರೆದರೆ ತಲೆಯಲ್ಲೇ ಲೇಖಕರ ಹೆಸರು: ಸುಮಿತ್ ಸೆಮ್ವಾಲ್. ಭಾರತೀಯ ಹೆಸರೊಂದು ಅಲ್ಲಿ ಕಂಡು ನನಗಾದ ಖುಷಿ ಅಷ್ಟಿಷ್ಟಲ್ಲ.

ನಮ್ಮ ಆಪರೇಟಿಂಗ್ ಸಿಸ್ಟಮ್ ಪಾಠ ಪೇಜಿಂಗ್‌ಗೆ ಬಂದು ನಿಂತುಬಿಡುತ್ತದೆ. ಮುಂದಿನದನ್ನು ಕೇಳಿದರೆ ‘ಪರೀಕ್ಷೆಗೆ ಬರಲ್ಲ’. ಆದರೆ ಇಂಟೆಲ್, ಎಎಂಡಿ, ಎನ್‌ವಿಡಿಯಾ, ಕ್ವಾಲ್‌ಕಾಮ್ ಎಲ್ಲಕ್ಕೂ ಬೆಂಗಳೂರಿನಲ್ಲಿ ಕಚೇರಿಗಳಿವೆ. ಇವರ ಚಿಪ್‌ಗಳೆಲ್ಲ ನಡೆಯುವುದು ಇಂಥ ಡ್ರೈವರ್‌ಗಳಿಂದಲೇ. ನಾವು ಮಾತ್ರ ಒಂದೇ ಎಐ ಸರ್ಟಿಫಿಕೇಟ್ ಹಿಡಿದು ಒಂದೇ ಬಾಗಿಲಲ್ಲಿ ಸಾಲು ನಿಂತಿದ್ದೇವೆ. ದೊಡ್ಡ ಮಾಡೆಲ್‌ಗಳಿಗೆ ತರಬೇತಿ ಕೊಡಲು ದುಬಾರಿ ಕಾರ್ಡ್ ಬೇಕು, ಒಪ್ಪೋಣ. ಆ ಕಾರ್ಡಿನ ಮೆಮೊರಿ ಹೇಗೆ ನಡೆಯುತ್ತದೆಂದು ತಿಳಿಯಲು ಬೇಡ. ಕರ್ನೆಲ್‌ನ ಕೋಡ್ ಉಚಿತ, ವಿವರಣೆಯೂ ಅದರೊಳಗೇ ಇದೆ. ಸಾಗರದ ಬಸ್‌ಸ್ಟ್ಯಾಂಡಿನಲ್ಲಿ ಕೂತು ಒಮ್ಮೆ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದ ಊರಲ್ಲೂ ಓದಬಹುದು. ನಾನು ಹಾಗೇ ಮಾಡಿದ್ದು.

ಕಾರ್ಡೇ ಇಲ್ಲದೆ ಪ್ರಯೋಗಿಸಲು ‘ವಿಕೆಎಂಎಸ್’ ಎಂಬ ನಕಲಿ ಡಿಸ್‌ಪ್ಲೇ ಡ್ರೈವರ್ ಕರ್ನೆಲ್‌ನಲ್ಲೇ ಇದೆ. 2018ರಲ್ಲಿ ಅದನ್ನು ಬರೆದದ್ದು ಗೂಗಲ್ ಸಮ್ಮರ್ ಆಫ್ ಕೋಡ್ ಮತ್ತು ಔಟ್‌ರೀಚಿ ಮೂಲಕ ಬಂದ ಇಬ್ಬರು ಕಲಿಕಾರ್ಥಿಗಳು. ನಾವು ಮೂವರೂ ವರ್ಚುವಲ್ ಮಷಿನ್‌ನಲ್ಲಿ ಅದನ್ನೇ ಬಿಚ್ಚಿ ಕೂತಿದ್ದೇವೆ. ನಿನ್ನೆ ರಾತ್ರಿ ತೀರ್ಥಹಳ್ಳಿಯವನು ಎರಡು ಸಲ ಕರ್ನೆಲ್ ಕೆಡವಿದ. ಬಫರನ್ನು ಎಲ್ಲೋ ಒಂದು ಸಲ ಹೆಚ್ಚು ಬಿಟ್ಟಿದ್ದಾನೆ. ಎಲ್ಲಿ ಎಂದು ಹುಡುಕುತ್ತಿದ್ದೇವೆ.