ಏಳಲೊಲ್ಲದ ಕಂಪ್ಯೂಟರಿಗೆ ಹಳೆಯ ಕರ್ನಲ್‌ನ ನೆರವು

ರಾತ್ರಿ ಕಂಪ್ಯೂಟರ್ ‘ಅಪ್‌ಡೇಟ್ ಮಾಡಲೇ?’ ಎಂದು ಕೇಳುತ್ತದೆ. ಮಗಳು ಹೂಂ ಎಂದು ಗುಂಡಿ ಒತ್ತಿ ಮಲಗುತ್ತಾಳೆ. ಬೆಳಿಗ್ಗೆ ಸ್ವಿಚ್ ಹಾಕಿದರೆ ಕಂಪನಿಯ ಲಾಂಛನ ಬರುತ್ತದೆ, ತೆರೆ ಕಪ್ಪಾಗುತ್ತದೆ, ಮತ್ತೆ ಅದೇ ಲಾಂಛನ. ಐದು ಸಲ, ಹತ್ತು ಸಲ. ಕಾಲೇಜಿಗೆ ಒಪ್ಪಿಸಬೇಕಾದ ಪ್ರಾಜೆಕ್ಟ್ ವರದಿ ಅದರೊಳಗೇ ಉಳಿದಿದೆ. ಮೈಸೂರಿನ ಸಿದ್ಧಾರ್ಥನಗರದಲ್ಲಿ, ಟೆರೇಷಿಯನ್ ಕಾಲೇಜಿನ ಆಸುಪಾಸಿನಲ್ಲಿ, ಲಿನಕ್ಸ್ ಬಳಸುವ ವಿದ್ಯಾರ್ಥಿಗಳಿರುವ ಯಾವ ಮನೆಯಲ್ಲಾದರೂ ನಡೆಯಬಹುದಾದ ಸಂಗತಿ ಇದು. ಅಪ್ಪ ಯಂತ್ರವನ್ನು ಚೀಲಕ್ಕೆ ಹಾಕಿಕೊಂಡು ಅಂಗಡಿಗೆ ಹೊರಡುತ್ತಾರೆ. ‘ಫಾರ್ಮ್ಯಾಟ್ ಮಾಡಿಬಿಡೋಣ ಸಾರ್’ ಎಂಬ ಮಾತು ಅಲ್ಲಿ ಬಲು ಬೇಗ ಬರುವುದುಂಟು. ನೆಗಡಿ ಬಂತೆಂದು ಮೂಗು ಕೊಯ್ದ ಹಾಗೆ!

ಕರ್ನಲ್ ಎಂಬುದು ಕಾರ್ಯಾಚರಣ ವ್ಯವಸ್ಥೆಯ ತಿರುಳು. ಡಿಸ್ಕ್, ಸ್ಮೃತಿಕೋಶ, ಕೀಲಿಮಣೆ, ತೆರೆ ಎಲ್ಲವೂ ಅದರ ಅಪ್ಪಣೆಗೆ ಕಾಯುತ್ತವೆ. ಮೇಲಿನ ತಂತ್ರಾಂಶವೊಂದು ಕೆಟ್ಟರೆ ಮುಚ್ಚಿ ಮುಂದುವರಿಯಬಹುದು; ತಿರುಳೇ ಕೆಟ್ಟರೆ ಇಡೀ ಯಂತ್ರ ಕೂರುತ್ತದೆ. 2024ರ ಜುಲೈ 19ರಂದು ಜಗತ್ತು ಇದನ್ನು ಕಂಡಿತು. ವಿಂಡೋಸ್‌ನ ಕರ್ನಲ್‌ನೊಳಗೆ ಕೆಲಸ ಮಾಡುವ ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ತಂತ್ರಾಂಶಕ್ಕೆ ಬಂದ ಒಂದು ದೋಷದ ಕಡತದಿಂದ ಸುಮಾರು 85 ಲಕ್ಷ ಯಂತ್ರಗಳು ಕುಸಿದವು. ಬೆಂಗಳೂರು ವಿಮಾನ ನಿಲ್ದಾಣದಲ್ಲೂ ಪ್ರಯಾಣಿಕರ ಸಾಲು ಬೆಳೆಯಿತು. ಕಂಪನಿ 78 ನಿಮಿಷಗಳಲ್ಲಿ ಆ ಕಡತವನ್ನು ಹಿಂತೆಗೆದುಕೊಂಡಿತು. ಆದರೆ ಏಳಲಾರದ ಯಂತ್ರಕ್ಕೆ ತಿದ್ದುಪಡಿ ತಲುಪುವುದಾದರೂ ಹೇಗೆ? ಎಷ್ಟೋ ಕಡೆ ಒಂದೊಂದೇ ಯಂತ್ರದ ಮುಂದೆ ಕುಳಿತು ಆ ಕಡತವನ್ನು ಅಳಿಸಬೇಕಾಯಿತು. ಅಂದೂ ಫಾರ್ಮ್ಯಾಟ್ ಬೇಕಿರಲಿಲ್ಲ.

ಲಿನಕ್ಸ್‌ನಲ್ಲಿ ದಾರಿ ಇನ್ನೂ ಸುಲಭ. ಉಬುಂಟುವಿನಂಥ ವ್ಯವಸ್ಥೆಗಳು ಹೊಸ ಕರ್ನಲ್ ಹಾಕಿದೊಡನೆ ಹಿಂದಿನದನ್ನು ಎಸೆಯುವುದಿಲ್ಲ. ಲಾಂಛನ ಕಂಡಕೂಡಲೇ ಎಸ್ಕೇಪ್ ಕೀಲಿ ಒತ್ತಿದರೆ, ಹಳೆಯ ಯಂತ್ರಗಳಲ್ಲಾದರೆ ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿದರೆ, ಗ್ರಬ್ ಎಂಬ ಪಟ್ಟಿ ತೆರೆಯುತ್ತದೆ. ಮೊದಲ ಯತ್ನದಲ್ಲೇ ಸಿಗದಿದ್ದರೆ ಬೇಸರ ಬೇಡ. ಕ್ಷಣ ತಪ್ಪಿದರೆ ಮತ್ತೆ ಶುರುಮಾಡಬೇಕು. ಅದರ ‘ಅಡ್ವಾನ್ಸ್ಡ್ ಆಪ್ಷನ್ಸ್’ನೊಳಗೆ ಕರ್ನಲ್‌ಗಳು ಸಂಖ್ಯೆಸಹಿತ ಸಾಲಾಗಿರುತ್ತವೆ, ಹೊಸದು ಮೇಲೆ, ಹಳೆಯದು ಕೆಳಗೆ. ಹಳೆಯ ಸಂಖ್ಯೆಯನ್ನು ಆರಿಸಿ ಎಂಟರ್ ಒತ್ತಬೇಕು. ತಪ್ಪು ಹೊಸ ಕರ್ನಲ್‌ನದೇ ಆಗಿದ್ದರೆ ಯಂತ್ರ ಎಂದಿನಂತೆ ಏಳುತ್ತದೆ, ವರದಿ ಇಟ್ಟಲ್ಲೇ ಇರುತ್ತದೆ. ಮಗಳು ಮೊದಲು ಮಾಡಬೇಕಾದದ್ದು ಅದನ್ನು ಪೆನ್‌ಡ್ರೈವ್‌ಗೆ ನಕಲಿಸುವುದು. ಕಾರಣ ಹುಡುಕುವುದು ಆಮೇಲೆ.

ಹಳೆಯ ಕರ್ನಲ್ ಕೂಡ ಅರ್ಧದಲ್ಲೇ ಮರಳಿ ಶುರುವಾದರೆ? ಆಗ ರ‍್ಯಾಮ್, ಅತಿಯಾದ ಬಿಸಿ, ವಿದ್ಯುತ್ ಪೂರೈಕೆಯ ಮೇಲೂ ಅನುಮಾನ ಹೋಗಬೇಕು. ಅಪ್ಪ ಅಂಗಡಿಗೆ ಹೋಗುವುದು ಆಗ ಸರಿಯೇ, ಡಿಸ್ಕ್ ಮುಟ್ಟಬಾರದೆಂದು ಮೊದಲೇ ಹೇಳಿದರಾಯಿತು.

ಕಾರಣ ತಿಳಿಯಲು ಒಂದು ಉಪಾಯವಿದೆ. ಗ್ರಬ್ ಪಟ್ಟಿಯಲ್ಲಿ ಹೊಸ ಕರ್ನಲ್ ಮೇಲೆ ನಿಂತು ‘ಇ’ ಒತ್ತಿ, ‘ಕ್ವಯಟ್’, ‘ಸ್ಪ್ಲ್ಯಾಶ್’ ಎಂಬ ಎರಡು ಪದಗಳನ್ನು ಅಳಿಸಿ ಎಫ್10 ಒತ್ತಿದರೆ ಅಡಗಿದ್ದ ಸಂದೇಶಗಳು ಸರಸರನೆ ಓಡುತ್ತವೆ. ಈ ಬದಲಾವಣೆ ಆ ಒಂದು ಸಲಕ್ಕೆ ಮಾತ್ರ. ಮೊಬೈಲಿನಲ್ಲಿ ವಿಡಿಯೊ ಹಿಡಿದು ಕೊನೆಯ ಸಾಲುಗಳನ್ನು ಬಿಡುವಾಗಿ ಓದಬಹುದು. ಬೂಟ್ ವಿಭಾಗ ತುಂಬಿ ಹೊಸ ಕರ್ನಲ್‌ನ ಕಡತ ಅಪೂರ್ಣವಾಗಿರಬಹುದು, ಗ್ರಾಫಿಕ್ಸ್ ಕಾರ್ಡಿನ ಚಾಲಕ ತಂತ್ರಾಂಶ ಹೊಸದಕ್ಕೆ ಹೊಂದದಿರಬಹುದು. ಜಾಗದ ತೊಂದರೆಯಾದರೆ ತೀರಾ ಹಳೆಯ ಕರ್ನಲ್ ತೆಗೆದು ಹೊಸದನ್ನು ಮತ್ತೆ ಹಾಕಬೇಕು. ಅವಸರದಲ್ಲಿ, ಸದ್ಯ ಯಂತ್ರವನ್ನು ಎಬ್ಬಿಸಿದ ಕರ್ನಲನ್ನೇ ತೆಗೆದುಬಿಟ್ಟವರೂ ಉಂಟು.