ಕೋಡ್ ಬಯಲಲ್ಲಿದ್ದರೆ ಬಾಗಿಲು ತೆರೆದಂತಲ್ಲ

‘ಕೋಡ್ ಎಲ್ಲರಿಗೂ ಕಾಣುವ ಲಿನಕ್ಸ್ ಸರ್ವರ್ ಸಣ್ಣ ಊರಿನ ವ್ಯಾಪಾರಿಗಳಿಗೆ ಅಪಾಯ’ ಎಂಬ ಕಳೆದ ವಾರದ ಲೇಖನ ಓದಿ ಸುಮ್ಮನಿರಲಾಗಲಿಲ್ಲ. ಗಂಗಾವತಿಯ ರೈಸ್ ಮಿಲ್ ಒಂದರ ಲೆಕ್ಕಪತ್ರಕ್ಕೆ ಹಳೆಯ ಕಂಪ್ಯೂಟರಿನಲ್ಲಿ ಡೆಬಿಯನ್ ಲಿನಕ್ಸ್ ಹಾಕಿಕೊಟ್ಟವನು ನಾನು. ಕೊಪ್ಪಳದಿಂದಲೇ ನಿಭಾಯಿಸಲೆಂದು ದೂರದಿಂದ ಲಾಗಿನ್ ಆಗುವ 22ನೇ ಪೋರ್ಟ್ ಹೊರಕ್ಕೆ ತೆರೆದು ಚಹಾ ಕುಡಿದು ಬರುವಷ್ಟರಲ್ಲಿ ಲಾಗ್ ತುಂಬ ಒಂದೇ ಸಾಲು: ಪೂರ್ಣ ಅಧಿಕಾರದ ‘ರೂಟ್’ ಖಾತೆಗೆ ತಪ್ಪು ಪಾಸ್‌ವರ್ಡ್, ಮತ್ತೆ ತಪ್ಪು ಪಾಸ್‌ವರ್ಡ್. ದಾಳಿ ಮಾಡುವ ಯಂತ್ರಗಳು ಗಂಗಾವತಿಯೋ ಬೆಂಗಳೂರೋ ಎಂದು ನೋಡುವುದಿಲ್ಲ. ಅಂದೇ ರೂಟ್ ಲಾಗಿನ್ ಮುಚ್ಚಿದೆ. ಪಾಸ್‌ವರ್ಡ್ ತೆಗೆದು ಕೀ ಫೈಲ್ ಇಟ್ಟೆ, ಫೈರ್‌ವಾಲ್‌ನಲ್ಲಿ ಬೇಕಾದ ಪೋರ್ಟ್ ಮಾತ್ರ ಬಿಟ್ಟೆ, ಭದ್ರತಾ ಅಪ್‌ಡೇಟ್ ತಾನಾಗಿ ಬರುವಂತೆ ಮಾಡಿದೆ. ಲೈಸೆನ್ಸಿಗೆ ಒಂದು ರೂಪಾಯಿ ಖರ್ಚಾಗಲಿಲ್ಲ.

ಲೇಖಕರು ಫೈಲ್ ಕುಗ್ಗಿಸುವ ಎಕ್ಸ್‌ಝಡ್ ತಂತ್ರಾಂಶದ 2024ರ ಪ್ರಕರಣ ಎತ್ತಿದ್ದಾರೆ, ಪೂರ್ತಿ ಹೇಳಬೇಕಿತ್ತು. ಅದರ ತಂಡದಲ್ಲಿ ವರ್ಷಗಟ್ಟಲೆ ನಂಬಿಕೆ ಗಳಿಸಿದವನೇ ಕಳ್ಳಬಾಗಿಲು ಸೇರಿಸಿದ್ದು ನಿಜ. ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಎಂದು ಕೆದಕಿ ಅದನ್ನು ಹಿಡಿದವರು ಎಂಜಿನಿಯರ್ ಆಂಡ್ರೆಸ್ ಫ್ರಾಯಿಂಡ್. ಕೋಡ್ ಮುಚ್ಚಿಟ್ಟಿದ್ದರೆ ಅವರು ಎಲ್ಲಿ ಕೆದಕುತ್ತಿದ್ದರು? ಡೆಬಿಯನ್‌ನ ಸ್ಟೇಬಲ್ ಆವೃತ್ತಿಗೆ ಆ ಕಳ್ಳಬಾಗಿಲು ಬಂದಿರಲೇ ಇಲ್ಲ.

ಕುಷ್ಟಗಿ, ಯಲಬುರ್ಗಾದ ಅಂಗಡಿಗಳಲ್ಲಿ ನಾನು ಕಂಡ ಅಪಾಯವೇ ಬೇರೆ: ಕದ್ದ ವಿಂಡೋಸ್, ನಿಲ್ಲಿಸಿಟ್ಟ ಅಪ್‌ಡೇಟ್, ಮಾನಿಟರಿಗೆ ಅಂಟಿಸಿದ ಪಾಸ್‌ವರ್ಡ್ ಚೀಟಿ. ಲೇಖನದಲ್ಲಿ ಅದರ ಮಾತೇ ಇಲ್ಲ.